ಅಬ್ಬಿಯ ನೀರು ಮನೆಗೆ, ತೋಟಕ್ಕೆ: ಕೊಳವೆಯ ಗಾತ್ರ ಮತ್ತು ಬಗೆಯನ್ನು ಆರಿಸುವುದು ಹೇಗೆ?

ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳ ರೈತ ಬಾಂಧವರಿಗೆ ನೀರಿನ ಕೊರತೆಯ ಮಾತು ಮಳೆಗಾಲದಲ್ಲಿ ನಗೆ ತರಿಸಬಹುದು. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ. ಆದರೆ ಶಿವರಾತ್ರಿ ಕಳೆದು ಯುಗಾದಿ ಬರುವ ಹೊತ್ತಿಗೆ ಇದೇ ಸೀಮೆಯಲ್ಲಿ ಬಾವಿಯ ತಳ ಕಾಣುತ್ತದೆ, ಅಡಿಕೆಯ ಸೋಗೆ ಜೋಲುತ್ತದೆ. ಆ ದಿನಗಳಲ್ಲಿ ಕರೆಂಟನ್ನೂ ಪಂಪನ್ನೂ ಬೇಡದೆ ಹಗಲಿರುಳು ಬರುವ ನೀರೆಂದರೆ ಮನೆಯ ಮೇಲಿನ ಗುಡ್ಡದ ಅಬ್ಬಿಯ ನೀರು ಒಂದೇ.

ಈ ವಿದ್ಯೆ ಮಲೆನಾಡಿಗೆ ಹೊಸದಲ್ಲ. ಹೊಸನಗರ ತಾಲ್ಲೂಕಿನ ನಗರದ ಬಳಿಯ ದೇವಗಂಗೆಯ ಕೊಳಗಳಿಗೆ ಕೆಳದಿ ಅರಸರ ಕಾಲದಿಂದಲೂ ಗುಡ್ಡದ ನೀರು ಇಳಿಜಾರಿನ ಬಲದಿಂದಲೇ ಹರಿದು ಬರುತ್ತಿದೆ. ನಮ್ಮ ಹಿರಿಯರು ಅಡಿಕೆ ಮರವನ್ನೂ ಬಗನಿ ಮರವನ್ನೂ ಸೀಳಿ, ತಿರುಳು ತೆಗೆದು, ದಂಬೆ ಮಾಡಿ ಒಂದರ ತುದಿಗೆ ಇನ್ನೊಂದನ್ನು ಜೋಡಿಸಿ ಅಬ್ಬಿಯ ನೀರನ್ನು ಬಚ್ಚಲ ತನಕ ತರುತ್ತಿದ್ದರು. ಇಂದು ದಂಬೆಯ ಜಾಗಕ್ಕೆ ಕಪ್ಪು ಪ್ಲಾಸ್ಟಿಕ್ ಕೊಳವೆ ಬಂದಿದೆ. ದಂಬೆ ಬಾಯಿ ತೆರೆದ ಸಾಧನವಾದ್ದರಿಂದ ಅದರಲ್ಲಿ ಎಷ್ಟು ನೀರು ಹರಿಯುತ್ತಿದೆ, ಎಲ್ಲಿ ಚೆಲ್ಲುತ್ತಿದೆ ಎಂಬುದು ಕಣ್ಣಿಗೆ ಕಾಣುತ್ತಿತ್ತು. ಕೊಳವೆಯೊಳಗೆ ನಡೆಯುವುದು ಕಣ್ಣಿಗೆ ಕಾಣುವುದಿಲ್ಲ. ಆದ್ದರಿಂದಲೇ ಕೊಳವೆಯ ವಿಷಯದಲ್ಲಿ ಅಂದಾಜು ಸಾಲದು, ಲೆಕ್ಕ ಬೇಕು.

ಸಾಮಾನ್ಯವಾಗಿ ಆಗುವುದೇನೆಂದರೆ, ಅಂಗಡಿಯಲ್ಲಿ ಸುರುಳಿಯ ಬೆಲೆ ಕೇಳಿ, ಕೈಯಲ್ಲಿರುವ ಹಣಕ್ಕೆ ಸರಿಹೋಗುವ ಗಾತ್ರವನ್ನು ಕೊಂಡು ತರುತ್ತೇವೆ. ಗುಡ್ಡದಲ್ಲಿ ಧಾರಾಳ ನೀರಿದ್ದರೂ ಮನೆಯಲ್ಲಿ ಬೆರಳು ಗಾತ್ರದ ಧಾರೆ ಬರುತ್ತದೆ. ಆಗ ಅಬ್ಬಿಯನ್ನು ದೂರುತ್ತೇವೆ. ಇನ್ನು ಕೆಲವರು ‘ದಪ್ಪ ಇದ್ದಷ್ಟೂ ಒಳ್ಳೆಯದು’ ಎಂದು ದುಬಾರಿ ಕೊಳವೆ ಎಳೆಯುತ್ತಾರೆ. ದಪ್ಪ ಕೊಳವೆಯು ಅಬ್ಬಿಯಲ್ಲಿ ಇಲ್ಲದ ನೀರನ್ನು ಹುಟ್ಟಿಸಲಾರದು. ಈ ಎರಡು ತಪ್ಪುಗಳ ನಡುವೆ ಸರಿಯಾದ ದಾರಿಯನ್ನು ಕಂಡುಕೊಳ್ಳುವ ಬಗೆಯನ್ನು ಇಲ್ಲಿ ತಿಳಿಸಲಾಗಿದೆ.

ಮೊದಲು ಅಳತೆ, ಆಮೇಲೆ ಅಂಗಡಿ

ಅಂಗಡಿಗೆ ಹೋಗುವ ಮೊದಲು ನಾಲ್ಕು ಸಂಗತಿಗಳು ನಿಮ್ಮ ಚೀಟಿಯಲ್ಲಿ ಬರೆದಿರಬೇಕು.

ಒಂದು, ಅಬ್ಬಿಯ ಹರಿವು. ಇದನ್ನು ಮಾರ್ಚ್ ಕೊನೆ ಇಲ್ಲವೆ ಏಪ್ರಿಲ್ ತಿಂಗಳಲ್ಲಿ, ನೀರು ಅತಿ ಕಡಿಮೆ ಇರುವಾಗ ಅಳೆಯಬೇಕು. ದೀಪಾವಳಿಯ ಸಮಯದ ಹರಿವನ್ನು ನಂಬಿ ಕೊಳವೆ ಕೊಂಡವರು ಬೇಸಗೆಯಲ್ಲಿ ಮೋಸಹೋಗುತ್ತಾರೆ. ಹರಿಯುವ ನೀರಿಗೆ ಮಣ್ಣಿನ ಚಿಕ್ಕ ಅಡ್ಡಕಟ್ಟೆ ಹಾಕಿ, ಒಂದು ತುಂಡು ಕೊಳವೆಯ ಮೂಲಕ ಎಲ್ಲ ನೀರೂ ಬೀಳುವಂತೆ ಮಾಡಿ, ಕೆಳಗೆ 15 ಲೀಟರಿನ ಡಬ್ಬ ಹಿಡಿಯಿರಿ. ಅದು ತುಂಬಲು ಎಷ್ಟು ಸೆಕೆಂಡು ಬೇಕಾಯಿತೆಂದು ಗಡಿಯಾರ ನೋಡಿ ಬರೆದುಕೊಳ್ಳಿ. ಲೀಟರನ್ನು 60ರಿಂದ ಗುಣಿಸಿ ಸೆಕೆಂಡಿನಿಂದ ಭಾಗಿಸಿದರೆ ನಿಮಿಷಕ್ಕೆ ಬರುವ ನೀರು ಸಿಗುತ್ತದೆ. 15 ಲೀಟರಿನ ಡಬ್ಬ 20 ಸೆಕೆಂಡಿನಲ್ಲಿ ತುಂಬಿದರೆ ಅಬ್ಬಿಯ ಹರಿವು ನಿಮಿಷಕ್ಕೆ 45 ಲೀಟರ್. ಮೂರು ಸಲ ಅಳೆದು ಸರಾಸರಿ ತೆಗೆಯುವುದು ಲೇಸು. ಇಷ್ಟನ್ನೂ ನಾವೇ ತೆಗೆದುಕೊಳ್ಳಬಾರದು. ಮೂರರಲ್ಲಿ ಒಂದು ಪಾಲನ್ನಾದರೂ ಹಳ್ಳಕ್ಕೆ, ಕೆಳಗಿನ ಮನೆಯವರಿಗೆ, ಕಾಡಿನ ಪ್ರಾಣಿಗಳಿಗೆ ಬಿಡಬೇಕು. ಹಾಗಾದರೆ ನಮಗೆ ಸಿಗುವುದು ನಿಮಿಷಕ್ಕೆ 30 ಲೀಟರ್.

ಎರಡು, ಇಳಿತ. ಅಂದರೆ ಅಬ್ಬಿಯ ತೊಟ್ಟಿಯ ನೀರಿನ ಮಟ್ಟಕ್ಕೂ ನಿಮ್ಮ ಟ್ಯಾಂಕಿಗೆ ನೀರು ಬೀಳುವ ಜಾಗಕ್ಕೂ ಇರುವ ಎತ್ತರದ ಅಂತರ. ಮನೆ ಕಟ್ಟುವ ಮೇಸ್ತ್ರಿಗಳು ಬಳಸುವ ಪಾರದರ್ಶಕ ಲೆವೆಲ್ ಪೈಪು ಮತ್ತು ಎರಡು ಅಳತೆಯ ಕೋಲುಗಳಿದ್ದರೆ ಇಬ್ಬರು ಸೇರಿ ಇದನ್ನು ಅಳೆಯಬಹುದು. ಮೇಲಿನಿಂದ ಹಂತಹಂತವಾಗಿ ಇಳಿಯುತ್ತ, ಪ್ರತಿ ಹಂತದ ಅಂತರವನ್ನು ಬರೆದು ಕೂಡಿಸಿದರಾಯಿತು. ಮೊಬೈಲ್ ಫೋನು ತೋರಿಸುವ ಎತ್ತರವನ್ನು ನಂಬಬೇಡಿ. ಕಾಡಿನೊಳಗೆ ಅದು ಹಲವು ಮೀಟರುಗಳಷ್ಟು ತಪ್ಪಬಹುದು. ನಮಗೆ ಬೇಕಾದ ಒಟ್ಟು ಇಳಿತವೇ ಕೆಲವೊಮ್ಮೆ ಅಷ್ಟಿರುತ್ತದೆ.

ಮೂರು, ಉದ್ದ. ಕೊಳವೆ ಹೋಗುವ ದಾರಿಯಲ್ಲೇ ಹಗ್ಗ ಹಿಡಿದು ಅಳೆಯಿರಿ. ದಾರಿಯಲ್ಲಿ ಬರುವ ಏರು ತಗ್ಗುಗಳನ್ನೂ ಗುರುತು ಹಾಕಿಕೊಳ್ಳಿ. ಇವು ಮುಂದೆ ಬೇಕಾಗುತ್ತವೆ.

ನಾಲ್ಕು, ನಿಮ್ಮ ಅಗತ್ಯ. ಇದರ ಲೆಕ್ಕವನ್ನು ಕೆಳಗೆ ನೋಡೋಣ.

ನಿಮಗೆ ಎಷ್ಟು ನೀರು ಬೇಕು?

2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್ ಯೋಜನೆಯು ಹಳ್ಳಿಯ ಮನೆಗಳಲ್ಲಿ ತಲಾ ದಿನಕ್ಕೆ 55 ಲೀಟರ್ ನೀರನ್ನು ಗೊತ್ತುಮಾಡಿದೆ. ಬಚ್ಚಲು, ಬಟ್ಟೆ, ಹೂವಿನ ಗಿಡ ಎಲ್ಲವನ್ನೂ ಹಿಡಿದು ನಾವು ಧಾರಾಳವಾಗಿ 100 ಲೀಟರ್ ಎಂದೇ ಇಟ್ಟುಕೊಳ್ಳೋಣ. ಆರು ಜನರಿಗೆ 600 ಲೀಟರ್. ಕುಡಿಯುವುದಕ್ಕೂ ಕೊಟ್ಟಿಗೆ ತೊಳೆಯುವುದಕ್ಕೂ ದನವೊಂದಕ್ಕೆ 80 ಲೀಟರಿನಂತೆ ಐದು ದನಗಳಿಗೆ 400 ಲೀಟರ್. ಮನೆ, ಕೊಟ್ಟಿಗೆ ಸೇರಿ ದಿನಕ್ಕೆ 1,000 ಲೀಟರ್ ಸಾಕು.

ಹೆಚ್ಚು ನೀರು ಬೇಕಾಗುವುದು ತೋಟಕ್ಕೆ. 2.7 ಮೀಟರ್ ಅಂತರದಲ್ಲಿ ನೆಟ್ಟ ಅಡಿಕೆ ತೋಟದಲ್ಲಿ ಎಕರೆಗೆ ಸುಮಾರು 550 ಮರಗಳಿರುತ್ತವೆ. ಹನಿ ನೀರಾವರಿಯಲ್ಲಿ ಬೇಸಗೆಯಲ್ಲಿ ಮರವೊಂದಕ್ಕೆ ದಿನಕ್ಕೆ 16ರಿಂದ 20 ಲೀಟರ್ ಬೇಕು. ಎರಡು ಎಕರೆಯ 1,100 ಮರಗಳಿಗೆ ತಲಾ 20 ಲೀಟರಿನಂತೆ 22,000 ಲೀಟರ್. ಮನೆಯದೂ ಸೇರಿ 23,000 ಲೀಟರ್.

ಈ ಸಂಖ್ಯೆ ನೋಡಿ ಗಾಬರಿಯಾಗಬೇಕಿಲ್ಲ. ದಿನಕ್ಕೆ 1,440 ನಿಮಿಷಗಳಿವೆ. ಅಬ್ಬಿ ರಾತ್ರಿಯೂ ಹರಿಯುತ್ತದೆ. 23,000 ಲೀಟರನ್ನು 1,440ರಿಂದ ಭಾಗಿಸಿದರೆ ನಿಮಿಷಕ್ಕೆ 16 ಲೀಟರ್ ಮಾತ್ರ. ಅದೇ ನೀರನ್ನು ಹಗಲಿನ 6 ಗಂಟೆಯಲ್ಲಿ ನೇರವಾಗಿ ಕೊಳವೆಯಿಂದಲೇ ತೋಟಕ್ಕೆ ಬಿಡುತ್ತೇವೆಂದರೆ ನಿಮಿಷಕ್ಕೆ 64 ಲೀಟರ್ ಬೇಕು. ನಮ್ಮ ಅಬ್ಬಿಯ ಒಟ್ಟು ಹರಿವೇ 45 ಲೀಟರ್! ಅಂದರೆ ಎಷ್ಟು ದಪ್ಪದ ಕೊಳವೆ ಹಾಕಿದರೂ ಇದು ಆಗದ ಮಾತು. ರಾತ್ರಿಯ ನೀರನ್ನು ಹಿಡಿದಿಡುವ ಟ್ಯಾಂಕು ಇದ್ದರೆ ಮಾತ್ರ ತೋಟಕ್ಕೆ ನೀರು ಸಾಲುತ್ತದೆ. ನಿಮಿಷಕ್ಕೆ 16 ಲೀಟರಿನಂತೆ 18 ಗಂಟೆಗಳ ನೀರು ಸುಮಾರು 17,000 ಲೀಟರ್ ಆಗುತ್ತದೆ. ತೋಟಕ್ಕೆ 6 ಗಂಟೆಯ ಬದಲು 12 ಗಂಟೆ ನಿಧಾನವಾಗಿ ನೀರು ಬಿಟ್ಟರೆ 11,500 ಲೀಟರಿನ ಟ್ಯಾಂಕು ಸಾಕು. ಮಲೆನಾಡಿನಲ್ಲಿ ತೋಟ ಕಣಿವೆಯಲ್ಲೂ ಮನೆ ಅದರ ಮೇಲಿನ ದಿಬ್ಬದಲ್ಲೂ ಇರುವುದು ಇಲ್ಲಿ ಅನುಕೂಲ. ಟ್ಯಾಂಕನ್ನು ಮನೆಯ ಹಿಂದಿನ ದಿಬ್ಬದಲ್ಲಿ ಕಟ್ಟಿದರೆ ಮನೆಗೂ ತೋಟಕ್ಕೂ ನೀರು ತಾನಾಗಿ ಇಳಿಯುತ್ತದೆ.

ಕೊಳವೆಯೊಳಗೆ ನೀರು ಸೋಲುವುದೇಕೆ?

ಕೊಳವೆಯಲ್ಲಿ ಹರಿಯುವ ನೀರು ಅದರ ಒಳಮೈಗೆ ಉಜ್ಜಿಕೊಂಡು ಹೋಗುತ್ತದೆ. ಈ ಘರ್ಷಣೆಯನ್ನು ಗೆಲ್ಲಲು ಇಳಿತದ ಬಲ ಖರ್ಚಾಗುತ್ತದೆ. ಒಂದೇ ಕೊಳವೆಯಲ್ಲಿ ಎರಡು ಪಟ್ಟು ನೀರು ಕಳಿಸಬೇಕಾದರೆ ಘರ್ಷಣೆಯ ನಷ್ಟ ಎರಡು ಪಟ್ಟಲ್ಲ, ಸುಮಾರು ಮೂರೂವರೆ ಪಟ್ಟು ಆಗುತ್ತದೆ. ಕೊಳವೆಯ ಒಳವ್ಯಾಸ ಎರಡು ಪಟ್ಟಾದರೆ ಅದೇ ಇಳಿತದಲ್ಲಿ ಬರುವ ನೀರು ಎರಡು ಪಟ್ಟಲ್ಲ, ಆರು ಪಟ್ಟಿಗೂ ಹೆಚ್ಚು. ಆದ್ದರಿಂದ ಗಾತ್ರದಲ್ಲಿ ಒಂದು ಮೆಟ್ಟಿಲು ತಪ್ಪಿದರೂ ಫಲ ಬಹಳ ಬದಲಾಗುತ್ತದೆ.

ಪ್ಲಾಸ್ಟಿಕ್ ಕೊಳವೆಗೆ ಹೇಳುವ ಮಿಲಿಮೀಟರ್ ಗಾತ್ರ ಹೊರವ್ಯಾಸದ್ದು ಎಂಬುದನ್ನು ಗಮನದಲ್ಲಿಡಬೇಕು. ಅಂಗಡಿಯ ಮಾತಿನಲ್ಲಿ 25 ಮಿ.ಮೀ. ಎಂದರೆ ಮುಕ್ಕಾಲು ಇಂಚು, 32 ಎಂದರೆ ಒಂದು ಇಂಚು, 40 ಎಂದರೆ ಒಂದೂಕಾಲು, 50 ಎಂದರೆ ಒಂದೂವರೆ ಇಂಚು. ಇವುಗಳ ಒಳವ್ಯಾಸ ಗೋಡೆಯ ದಪ್ಪವನ್ನು ಹೊಂದಿಕೊಂಡು ಸುಮಾರಾಗಿ 20, 27, 34 ಮತ್ತು 43 ಮಿ.ಮೀ. ಇರುತ್ತದೆ. ಇವುಗಳಲ್ಲಿ ಪ್ರತಿ 100 ಮೀಟರ್ ಉದ್ದಕ್ಕೆ ಆಗುವ ಇಳಿತದ ನಷ್ಟ ಹೀಗಿದೆ.

ನಿಮಿಷಕ್ಕೆ 10 ಲೀಟರ್ ಹರಿದಾಗ: 25 ಮಿ.ಮೀ. ಕೊಳವೆಯಲ್ಲಿ 2.1 ಮೀಟರ್; 32ರಲ್ಲಿ 0.5 ಮೀಟರ್, 40ರಲ್ಲಿ 0.2 ಮೀಟರ್, 50ರಲ್ಲಿ 0.1 ಮೀಟರಿಗೂ ಕಡಿಮೆ.

ನಿಮಿಷಕ್ಕೆ 20 ಲೀಟರ್ ಹರಿದಾಗ: 25ರಲ್ಲಿ 7.7 ಮೀಟರ್, 32ರಲ್ಲಿ 1.8 ಮೀಟರ್, 40ರಲ್ಲಿ 0.6 ಮೀಟರ್, 50ರಲ್ಲಿ 0.2 ಮೀಟರ್.

ನಿಮಿಷಕ್ಕೆ 30 ಲೀಟರ್ ಹರಿದಾಗ: 25ರಲ್ಲಿ 16.4 ಮೀಟರ್; 32ರಲ್ಲಿ 3.8 ಮೀಟರ್, 40ರಲ್ಲಿ 1.2 ಮೀಟರ್, 50ರಲ್ಲಿ 0.4 ಮೀಟರ್.

ಒಂದು ಉದಾಹರಣೆ

ಅಬ್ಬಿಯಿಂದ ಟ್ಯಾಂಕಿಗೆ 600 ಮೀಟರ್ ದೂರ, ಇಳಿತ 15 ಮೀಟರ್ ಎಂದು ಇಟ್ಟುಕೊಳ್ಳಿ. ತಿರುವು, ಜೋಡಣೆ, ಕಸ ಕಟ್ಟುವುದು ಮುಂತಾದ ನಷ್ಟಗಳಿಗಾಗಿ ಐದರಲ್ಲಿ ಒಂದು ಪಾಲು, ಅಂದರೆ 3 ಮೀಟರ್ ತೆಗೆದಿಡಿ. ಉಳಿದ 12 ಮೀಟರನ್ನು 600 ಮೀಟರ್ ಉದ್ದಕ್ಕೆ ಹಂಚಿದರೆ ಪ್ರತಿ 100 ಮೀಟರಿಗೆ 2 ಮೀಟರ್ ಖರ್ಚು ಮಾಡಬಹುದು. ಈ ಬಲದಲ್ಲಿ 25 ಮಿ.ಮೀ. ಕೊಳವೆ ನಿಮಿಷಕ್ಕೆ 9ರಿಂದ 10 ಲೀಟರ್, 32 ಮಿ.ಮೀ. ಕೊಳವೆ 21 ಲೀಟರ್, 40 ಮಿ.ಮೀ. ಕೊಳವೆ 39 ಲೀಟರ್, 50 ಮಿ.ಮೀ. ಕೊಳವೆ 70 ಲೀಟರಿಗೂ ತುಸು ಹೆಚ್ಚು ನೀರನ್ನು ಸಾಗಿಸಬಲ್ಲದು.

ಈಗ ಆಯ್ಕೆ ತಾನಾಗಿ ಸ್ಪಷ್ಟವಾಗುತ್ತದೆ. 25ರ ಕೊಳವೆ ದಿನಕ್ಕೆ 13ರಿಂದ 14 ಸಾವಿರ ಲೀಟರ್ ತರುತ್ತದೆ. ಮನೆಗೂ ಒಂದು ಎಕರೆಗೂ ಸಾಕು, ಎರಡು ಎಕರೆಗೆ ಸಾಲದು. 32ರ ಕೊಳವೆ ದಿನಕ್ಕೆ 30,000 ಲೀಟರ್ ತರುತ್ತದೆ. ನಮ್ಮ 23,000 ಲೀಟರಿನ ಅಗತ್ಯ ತೀರಿ, ಹರಿವು ಕುಗ್ಗುವ ವರ್ಷಕ್ಕೂ ಸ್ವಲ್ಪ ಎಡೆ ಉಳಿಯುತ್ತದೆ. 40ರ ಕೊಳವೆಗೆ ಹಣ ಹೆಚ್ಚು. ಅಷ್ಟೇ ಅಲ್ಲ, ಅದು ನಿಮಿಷಕ್ಕೆ 39 ಲೀಟರ್ ಎಳೆದರೆ ಹಳ್ಳಕ್ಕೆ ಬಿಡಬೇಕೆಂದುಕೊಂಡ ಪಾಲೂ ನಮ್ಮ ಟ್ಯಾಂಕಿಗೆ ಬಂದು ತುಂಬಿ ಹರಿದು ಪೋಲಾಗುತ್ತದೆ. ಕೆಳಗಿನ ಮನೆಯವರ ಬಾಯಿ ಒಣಗುತ್ತದೆ. 50ರ ಕೊಳವೆಯಂತೂ ಅಬ್ಬಿಯಲ್ಲಿರುವುದಕ್ಕಿಂತ ಹೆಚ್ಚು ನೀರು ಕೇಳಿ, ಬಾಯಿಯಲ್ಲಿ ಗಾಳಿ ನುಂಗತೊಡಗುತ್ತದೆ.

ಇಳಿತ ಕಡಿಮೆ ಇದ್ದಲ್ಲಿ ಎರಡು ಗಾತ್ರಗಳನ್ನು ಕೂಡಿಸಿ ಹಣ ಉಳಿಸಬಹುದು. ಮೇಲಿನ ಉದಾಹರಣೆಯಲ್ಲೇ ಖರ್ಚು ಮಾಡಬಹುದಾದ ಇಳಿತ 12ರ ಬದಲು 9 ಮೀಟರ್ ಇದೆ, ಬೇಕಾದದ್ದು ನಿಮಿಷಕ್ಕೆ 20 ಲೀಟರ್ ಎನ್ನಿ. ಪೂರ್ತಿ 32ರ ಕೊಳವೆ ಹಾಕಿದರೆ ನಷ್ಟ 10.8 ಮೀಟರ್, ಸಾಲದು. ಪೂರ್ತಿ 40 ಹಾಕಿದರೆ 3.6 ಮೀಟರ್, ಅಗತ್ಯಕ್ಕಿಂತ ಹೆಚ್ಚಿನ ಖರ್ಚು. ಮೇಲಿನ 200 ಮೀಟರಿಗೆ 40, ಕೆಳಗಿನ 400 ಮೀಟರಿಗೆ 32 ಹಾಕಿದರೆ ನಷ್ಟ 8.4 ಮೀಟರ್. ಇದು 9ರೊಳಗೆ ಕುಳಿತುಕೊಳ್ಳುತ್ತದೆ. ಇಂಥ ಜೋಡಣೆಯಲ್ಲಿ ದಪ್ಪ ಕೊಳವೆ ಯಾವಾಗಲೂ ಮೇಲಿರಬೇಕು. ಅಬ್ಬಿಯ ಹತ್ತಿರ ಇಳಿತದ ಬಲ ಇನ್ನೂ ಕೂಡಿರುವುದಿಲ್ಲ. ಅಲ್ಲಿ ಸಣ್ಣ ಕೊಳವೆ ಹಾಕಿದರೆ ಒಳಗೆ ಒತ್ತಡ ಕುಸಿದು ಜೋಡಣೆಗಳಲ್ಲಿ ಗಾಳಿ ಸೇರುತ್ತದೆ.

ಯಾವ ಬಗೆಯ ಕೊಳವೆ?

ಗಾತ್ರ ನಿಶ್ಚಯವಾದ ಮೇಲೆ ಬಗೆಯನ್ನು ಆರಿಸಬೇಕು. ಇದನ್ನು ನಿರ್ಧರಿಸುವುದು ಕೊಳವೆ ಮಲಗುವ ಜಾಗ.

ಎಚ್‌ಡಿಪಿಇ ಎಂಬ ಕಪ್ಪು ಕೊಳವೆ ಗುಡ್ಡದ ದಾರಿಗೆ ಅತ್ಯಂತ ಒಗ್ಗುವ ವಸ್ತು. ನೇಪಾಳದ ಗುಡ್ಡಗಾಡು ಹಳ್ಳಿಗಳಿಗೆ ಪಂಪಿಲ್ಲದೆ ನೀರು ತಂದದ್ದೂ ಇದೇ ಕೊಳವೆ. ಸುರುಳಿಯಲ್ಲಿ ಬರುವುದರಿಂದ ಜೋಡಣೆಗಳು ಕಡಿಮೆ. ಕಲ್ಲು ಬೇರುಗಳ ನಡುವೆ ಬಾಗುತ್ತದೆ. ಅದರಲ್ಲಿ ಬೆರೆಸಿದ ಕಾಡಿಗೆಯ ಪುಡಿ ಬಿಸಿಲಿನ ಹೊಡೆತವನ್ನು ತಡೆಯುತ್ತದೆ. ಆದರೆ ಬೇಸಗೆಯ ದರಗಿಗೆ ಬಿದ್ದ ಬೆಂಕಿಗೆ ಅದು ಕರಗುತ್ತದೆ. ಇಲಿ, ಮುಳ್ಳುಹಂದಿಗಳು ಅದನ್ನು ಕಡಿಯುವುದುಂಟು. ಸಾಧ್ಯವಿರುವಲ್ಲೆಲ್ಲ ಒಂದರಿಂದ ಒಂದೂವರೆ ಅಡಿ ಆಳದಲ್ಲಿ ಹೂಳುವುದು ಉತ್ತಮ.

ಕೊಳ್ಳುವಾಗ ಕೊಳವೆಯ ಮೈಮೇಲೆ ಐಎಸ್ 4984 ಎಂಬ ಮಾನಕ ಸಂಖ್ಯೆ, ಗಾತ್ರ, ದರ್ಜೆ ಮತ್ತು ಪಿಎನ್ ಎಂಬ ಒತ್ತಡದ ಅಂಕಿ ಅಚ್ಚಾಗಿದೆಯೇ ನೋಡಿ. ಹಳೆಯ ಪ್ಲಾಸ್ಟಿಕ್ ಕರಗಿಸಿ ಮಾಡಿದ, ಗುರುತಿಲ್ಲದ ಕೊಳವೆ ಅಗ್ಗ. ಆದರೆ ಅದು ಬೇಗ ಸೀಳುತ್ತದೆ, ಕುಡಿಯುವ ನೀರಿಗೆ ಯೋಗ್ಯವೂ ಅಲ್ಲ. ಸುರುಳಿಯನ್ನು ತೂಗಿ ನೋಡುವುದೂ ಒಂದು ಪರೀಕ್ಷೆ. 2.4 ಮಿ.ಮೀ. ದಪ್ಪದ ಗೋಡೆಯಿರುವ 32 ಮಿ.ಮೀ. ಕೊಳವೆ 100 ಮೀಟರಿಗೆ ಸುಮಾರು 21 ಕಿಲೋ ತೂಗಬೇಕು. ತೂಕ ಬಹಳ ಕಡಿಮೆ ಬಂದರೆ ಗೋಡೆ ತೆಳುವೆಂದೋ ಉದ್ದ ಕಡಿಮೆಯೆಂದೋ ತಿಳಿಯಿರಿ.

ಜೋಡಣೆಗೆ ಬಿಗಿ ತಿರುಪಿನ ಕಂಪ್ರೆಷನ್ ಕಪ್ಲಿಂಗ್ ಬಳಸಿ, ಇಲ್ಲವೆ ಬಿಸಿ ತಟ್ಟೆಯಿಂದ ಬೆಸುಗೆ ಹಾಕಿಸಿ. ತುದಿಯನ್ನು ಬೆಂಕಿಯಲ್ಲಿ ಕಾಯಿಸಿ ಒಂದರೊಳಗೊಂದು ತುರುಕಿ ತಂತಿ ಸುತ್ತಿದ ಜೋಡಣೆ ತಾತ್ಕಾಲಿಕ. ಅದು ಒತ್ತಡವಿದ್ದಲ್ಲಿ ನೀರು ಸೋರುತ್ತದೆ, ಒತ್ತಡವಿಲ್ಲದಲ್ಲಿ ಗಾಳಿ ಎಳೆಯುತ್ತದೆ.

ಪಿವಿಸಿ ಕೊಳವೆ ನೆಟ್ಟಗೆ ಗುಂಡಿ ತೋಡಬಹುದಾದ ಜಾಗಕ್ಕೆ, ಮುಖ್ಯವಾಗಿ ಟ್ಯಾಂಕಿನಿಂದ ತೋಟಕ್ಕೆ ಸರಿ. ಬಿಸಿಲಿಗೆ ತೆರೆದಿಟ್ಟರೆ ಕೆಲವು ವರ್ಷಗಳಲ್ಲಿ ಪೆಡಸಾಗಿ, ದನದ ಕಾಲು ತಾಗಿದರೂ ಒಡೆಯುತ್ತದೆ. ಹೂತಿಟ್ಟರೆ ಬಹುಕಾಲ ಬಾಳುತ್ತದೆ.

ಸತುವಿನ ಲೇಪದ ಕಬ್ಬಿಣದ ಕೊಳವೆ, ಅಂದರೆ ಜಿಐ ಪೈಪು, ಗಟ್ಟಿ. ಹಳ್ಳ ದಾಟುವಲ್ಲಿ, ರಸ್ತೆಯ ಅಡಿಯಲ್ಲಿ, ಹೂಳಲಾಗದ ಬಂಡೆಯ ಮೇಲೆ ಒಂದೆರಡು ತುಂಡು ಹಾಕಲು ಅದೇ ಯೋಗ್ಯ. ಆದರೆ ನಮ್ಮ ಜಂಬಿಟ್ಟಿಗೆ ನೆಲದ ಒರತೆಯ ನೀರು ಮೃದುವಾಗಿಯೂ ಎಷ್ಟೋ ಕಡೆ ತುಸು ಆಮ್ಲೀಯವಾಗಿಯೂ ಇರುತ್ತದೆ. ಅಂಥ ನೀರು ಸತುವನ್ನು ತಿಂದು, ಒಳಗೆ ತುಕ್ಕಿನ ಗಂಟುಗಳನ್ನು ಕಟ್ಟಿ, ಕೊಳವೆಯ ದಾರಿಯನ್ನು ಕಿರಿದು ಮಾಡುತ್ತದೆ. ಆದ್ದರಿಂದ ಇಡೀ ದಾರಿಗೆ ಜಿಐ ಹಾಕುವುದು ಲಾಭಕರವಲ್ಲ.

ಒತ್ತಡದ ಲೆಕ್ಕ

ಹತ್ತು ಮೀಟರ್ ಎತ್ತರದ ನೀರು ಒಂದು ಚದರ ಸೆಂಟಿಮೀಟರಿಗೆ 1 ಕಿಲೋ ಒತ್ತಡ ಹಾಕುತ್ತದೆ. ಪಿಎನ್ 6 ಎಂದರೆ 6 ಕಿಲೋ, ಅಂದರೆ 60 ಮೀಟರ್ ಎತ್ತರದ ನೀರನ್ನು ತಡೆಯುವ ಕೊಳವೆ. ಕೊಳವೆಯ ತುದಿ ತೆರೆದಿದ್ದು ನೀರು ಹರಿಯುತ್ತಿದ್ದಾಗ ಈ ಒತ್ತಡ ಬಹುಪಾಲು ಘರ್ಷಣೆಯಲ್ಲಿ ಕಳೆದುಹೋಗುತ್ತದೆ. ಕೆಳಗಡೆ ನಲ್ಲಿಯನ್ನೋ ಟ್ಯಾಂಕಿನ ಫ್ಲೋಟ್ ವಾಲ್ವನ್ನೋ ಮುಚ್ಚಿದೊಡನೆ ಇಡೀ ಎತ್ತರದ ಭಾರ ಅತಿ ತಗ್ಗಿನ ಜೋಡಣೆಯ ಮೇಲೆ ಬೀಳುತ್ತದೆ. ಕಣಿವೆ ದಾಟಿ ಮತ್ತೆ ಮೇಲೇರುವ ಕೊಳವೆಗಳಲ್ಲಿ ಕಣಿವೆಯ ತಳದಿಂದ ಅಬ್ಬಿಯ ವರೆಗಿನ ಎತ್ತರವನ್ನೇ ಲೆಕ್ಕಕ್ಕೆ ಹಿಡಿಯಬೇಕು. ಇಳಿತ 50 ಮೀಟರ್ ಮೀರಿದಲ್ಲಿ ದಾರಿಯ ಮಧ್ಯೆ ತೆರೆದ ಸಣ್ಣ ತೊಟ್ಟಿಯೊಂದನ್ನು ಕಟ್ಟಿ, ಅಲ್ಲಿ ಒತ್ತಡವನ್ನು ಮುರಿದು, ಹೊಸದಾಗಿ ಕೊಳವೆ ಹೊರಡಿಸುವುದು ಕ್ಷೇಮ. ಸಾಧ್ಯವಾದರೆ ಮುಖ್ಯ ಕೊಳವೆಯ ತುದಿಯನ್ನು ಮುಚ್ಚಲೇಬೇಡಿ. ಟ್ಯಾಂಕು ತುಂಬಿ ಹೆಚ್ಚಾದ ನೀರು ತೋಟಕ್ಕೋ ಹಳ್ಳಕ್ಕೋ ಹೋಗಲಿ.

ಗಾಳಿ ಕಟ್ಟದಂತೆ

ನೀರಿದೆ, ಇಳಿತವಿದೆ, ಕೊಳವೆ ಒಡೆದಿಲ್ಲ. ಆದರೂ ನೀರು ಬಾರದು. ಮಲೆನಾಡಿನಲ್ಲಿ ಪದೇ ಪದೇ ಕೇಳಿಬರುವ ದೂರು ಇದು. ಕೊಳವೆ ದಿಬ್ಬ ಏರಿ ಇಳಿಯುವಲ್ಲಿ ನೆತ್ತಿಯಲ್ಲಿ ಗಾಳಿ ಸಿಕ್ಕಿಕೊಂಡಿರುವುದೇ ಇದಕ್ಕೆ ಕಾರಣ. ಹೀಗೆ ನಾಲ್ಕಾರು ದಿಬ್ಬಗಳಲ್ಲಿ ಗಾಳಿ ನಿಂತರೆ ಇಳಿತದ ಬಲವೆಲ್ಲ ಅಲ್ಲೇ ಮುಗಿದುಹೋಗುತ್ತದೆ.

ಕೊಳವೆಯನ್ನು ಆದಷ್ಟು ಒಂದೇ ಸಮನೆ ಇಳಿಯುವಂತೆ, ಗುಡ್ಡದ ಮೈಯನ್ನು ಬಳಸಿಕೊಂಡು ಹಾಕಿ. ತಪ್ಪಿಸಲಾಗದ ನೆತ್ತಿಗೆ ಗಾಳಿ ಬಿಡುವ ವಾಲ್ವ್ ಕೂಡಿಸಿ. ಆದರೆ ಒಂದು ಎಚ್ಚರಿಕೆ: ಹರಿಯುವಾಗ ಒಳಗೆ ಒತ್ತಡವಿರುವ ನೆತ್ತಿಗೆ ಮಾತ್ರ ಇದು ಸರಿ. ಅಬ್ಬಿಯ ಮಟ್ಟಕ್ಕೆ ತೀರ ಸಮೀಪವಿರುವ ನೆತ್ತಿಯಲ್ಲಿ ತೂತು ಮಾಡಿದರೆ ಗಾಳಿ ಹೊರಗೆ ಹೋಗುವ ಬದಲು ಒಳಗೆ ಬರುತ್ತದೆ. ಅಂಥ ದಾರಿಯನ್ನೇ ಬದಲಿಸಬೇಕು. ಅತಿ ತಗ್ಗಿನ ಜಾಗಗಳಲ್ಲಿ ಹೂಳು ತೆಗೆಯಲು ಒಂದು ವಾಲ್ವ್ ಇರಲಿ.

ಅಬ್ಬಿಯಲ್ಲಿ ಕಲ್ಲು ಗಾರೆಯ ಚಿಕ್ಕ ತೊಟ್ಟಿ ಕಟ್ಟಿ ಮುಚ್ಚಳ ಹಾಕಿ. ಕೊಳವೆಯ ಬಾಯಿ ತೊಟ್ಟಿಯ ತಳದಿಂದ ಗೇಣು ಮೇಲಿರಲಿ, ನೀರಿನ ಮಟ್ಟದಿಂದ ಗೇಣಿಗೂ ಹೆಚ್ಚು ಕೆಳಗಿರಲಿ. ಬಾಯಿಗೆ ಜಾಲರಿ ಕಟ್ಟಿ. ಹೀಗೆ ಮಾಡಿದರೆ ಮರಳೂ ಎಲೆಯೂ ಗಾಳಿಯೂ ಒಳಗೆ ಹೋಗುವುದಿಲ್ಲ. ಗುಡ್ಡದ ನೀರು ತಿಳಿಯಾಗಿದ್ದರೂ ಕುಡಿಯಲು ಕುದಿಸಿಯೇ ಬಳಸಬೇಕು.

ಬಚ್ಚಲ ಬಿಸಿನೀರಿನ ಕೊಳವೆ

ಬಚ್ಚಲ ಒಲೆಯ ಮೇಲಿನ ತಾಮ್ರದ ಹಂಡೆಯ ಜಾಗದಲ್ಲಿ ಈಗ ಅನೇಕ ಮನೆಗಳಿಗೆ ಒಲೆಯ ಬಾಯ್ಲರು, ಸೌರ ಹೀಟರುಗಳು ಬಂದಿವೆ. ಅಬ್ಬಿಯ ನೀರು ತಂದವರು ಉಳಿದ ಕಪ್ಪು ಕೊಳವೆಯನ್ನೇ ಬಿಸಿನೀರಿಗೂ ಬಳಸುವುದುಂಟು. ಇದು ಅಪಾಯಕರ. ಎಚ್‌ಡಿಪಿಇ ಮತ್ತು ಸಾಮಾನ್ಯ ಪಿವಿಸಿ ಎರಡೂ ಬಿಸಿಗೆ ಮೆತ್ತಗಾಗಿ ಜೋಡಣೆಯಲ್ಲಿ ಬಿಡುತ್ತವೆ. ಬಿಸಿನೀರಿಗೆ ಸಿಪಿವಿಸಿ, ಪಿಪಿಆರ್, ತಾಮ್ರ ಇಲ್ಲವೆ ಜಿಐ ಬೇಕು. ಒಲೆಯ ಬಾಯ್ಲರಿನಲ್ಲಿ ನೀರು ಕುದಿಯಲೂಬಹುದಾದ್ದರಿಂದ ಅಲ್ಲಿಂದ ಹೊರಡುವ ಮೊದಲ ಒಂದೆರಡು ಮೀಟರ್ ಲೋಹದ ಕೊಳವೆಯೇ ಆಗಿರಲಿ. ತಾಮ್ರದ ಮುಂದೆ ಜಿಐ ಜೋಡಿಸಬೇಡಿ. ತಾಮ್ರ ತಾಗಿ ಬಂದ ನೀರು ಸತುವನ್ನು ಬೇಗ ಕೊರೆಯುತ್ತದೆ.

ಗಾತ್ರದ ವಿಷಯದಲ್ಲಿ ಬಿಸಿನೀರಿನ ನಿಯಮ ತಣ್ಣೀರಿನದಕ್ಕೆ ವಿರುದ್ಧ. ಬಾಯ್ಲರಿನಿಂದ ನಲ್ಲಿಗೆ ಹೋಗುವ ಕೊಳವೆ ಚಿಕ್ಕದಾಗಿಯೂ ಗಿಡ್ಡವಾಗಿಯೂ ಇರಬೇಕು. 12 ಮೀಟರ್ ಉದ್ದದ, 25 ಮಿ.ಮೀ. ಒಳವ್ಯಾಸದ ಕೊಳವೆಯಲ್ಲಿ ಸುಮಾರು 6 ಲೀಟರ್ ನೀರು ನಿಂತಿರುತ್ತದೆ. ಪ್ರತಿ ಸಲ ಆ 6 ಲೀಟರ್ ತಣ್ಣೀರು ಹೋದ ಮೇಲೆಯೇ ಬಿಸಿನೀರು ಬರುವುದು. 15 ಮಿ.ಮೀ. ಕೊಳವೆಯಾದರೆ 2 ಲೀಟರ್ ಮಾತ್ರ. ತಲೆಯ ಮೇಲೆ 2 ಮೀಟರ್ ಎತ್ತರದ ಟ್ಯಾಂಕಿದ್ದರೂ ಇದರಲ್ಲಿ ನಿಮಿಷಕ್ಕೆ ಸುಮಾರು 12 ಲೀಟರ್ ಬರುತ್ತದೆ, ಸ್ನಾನಕ್ಕೆ ಸಾಕು.

ಒಲೆಯಲ್ಲಿ ಕಾದ ನೀರು ತಾನಾಗಿ ಮೇಲಿನ ಟ್ಯಾಂಕಿಗೆ ಏರಿ, ತಣ್ಣೀರು ಒಲೆಗೆ ಇಳಿಯುವಂತೆ ಜೋಡಿಸುವಲ್ಲಿ ಮಾತ್ರ ದಪ್ಪ ಕೊಳವೆ ಬೇಕು. ಬಿಸಿನೀರು ತಣ್ಣೀರಿಗಿಂತ ಹಗುರವೆಂಬುದೇ ಇಲ್ಲಿನ ಬಲ. 60 ಡಿಗ್ರಿಯ ನೀರಿಗೂ 20 ಡಿಗ್ರಿಯ ನೀರಿಗೂ ಇರುವ ವ್ಯತ್ಯಾಸದಿಂದ ಒಂದು ಮೀಟರ್ ಎತ್ತರಕ್ಕೆ ಸಿಗುವ ಬಲ ಬರಿಯ ಒಂದೂವರೆ ಸೆಂಟಿಮೀಟರ್ ನೀರಿನಷ್ಟು. ಇಷ್ಟು ಅಲ್ಪ ಬಲಕ್ಕೆ ಕೊಳವೆ ಒಂದು ಇಂಚಿಗೆ ಕಡಿಮೆ ಇರಬಾರದು, ಎಲ್ಲೂ ತಗ್ಗಬಾರದು, ಒಂದೇ ಸಮನೆ ಏರಬೇಕು. ಚಳಿ ದೇಶಗಳಲ್ಲಿ ಪಂಪು ಬರುವ ಮೊದಲು ಇಡೀ ಮನೆಯನ್ನು ಬೆಚ್ಚಗಿಡುತ್ತಿದ್ದುದು ಇದೇ ತತ್ವದಿಂದ. ಅಲ್ಲಿ ದಪ್ಪ ಕಬ್ಬಿಣದ ಕೊಳವೆಗಳು ಇರುತ್ತಿದ್ದುದೂ ಇದೇ ಕಾರಣಕ್ಕೆ. ಬಾಯ್ಲರಿನಿಂದ ಮೇಲಕ್ಕೆ ತೆರೆದ ಬಾಯಿಯ ಉಸಿರುಗೊಳವೆ ಇರಲೇಬೇಕು. ಅದಕ್ಕೆ ವಾಲ್ವ್ ಹಾಕುವುದೆಂದರೆ ಉಗಿಯನ್ನು ಕಟ್ಟಿಹಾಕಿ ಮನೆಯೊಳಗೆ ಸಿಡಿಮದ್ದು ಇಟ್ಟುಕೊಂಡಂತೆ.

ಕಾಡಿಗೆ ಹೋಗುವಾಗ

ಅಬ್ಬಿ ಅರಣ್ಯ ಭೂಮಿಯಲ್ಲಿದ್ದರೆ ಕೊಳವೆ ಎಳೆಯುವ ಮೊದಲು ಅರಣ್ಯ ಇಲಾಖೆಯ ಒಪ್ಪಿಗೆ ಪಡೆಯಿರಿ. ಹಳ್ಳದ ಕೆಳಗಿನ ಮನೆಗಳವರನ್ನು ಕರೆದು, ಬೇಸಗೆಯ ಹರಿವನ್ನು ಎಲ್ಲರೆದುರು ಡಬ್ಬದಲ್ಲಿ ಅಳೆದು, ಪಾಲನ್ನು ಬರೆದಿಟ್ಟುಕೊಳ್ಳಿ. ಮುಂದೆ ನೀರು ಕುಗ್ಗಿದ ವರ್ಷ ಜಗಳ ತಪ್ಪುತ್ತದೆ.

ಇನ್ನೊಂದು ಮಾತು. ಹರಿವು ಅಳೆಯುವ, ಕೊಳವೆ ದುರಸ್ತಿ ಮಾಡುವ ಬೇಸಗೆಯ ತಿಂಗಳುಗಳೇ ಮಂಗನ ಕಾಯಿಲೆಯ ತಿಂಗಳುಗಳೂ ಹೌದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಈ ರೋಗ 2018–19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸೀಮೆಯಲ್ಲಿ ಪ್ರಾಣಹಾನಿ ಮಾಡಿತು. ಉಣುಗು ಕಚ್ಚುವುದರಿಂದ ಇದು ಹರಡುತ್ತದೆ. ಕೈಕಾಲು ಪೂರ್ತಿ ಮುಚ್ಚುವ ಬಟ್ಟೆ ತೊಟ್ಟು, ಆರೋಗ್ಯ ಇಲಾಖೆಯವರು ಕೊಡುವ ಉಣುಗು ನಿವಾರಕ ತೈಲ ಹಚ್ಚಿಕೊಂಡು ಹೋಗಿ. ಮಂಗ ಸತ್ತ ಜಾಗಕ್ಕೆ ಹೋಗಬೇಡಿ, ಸತ್ತ ಸುದ್ದಿಯನ್ನು ಇಲಾಖೆಗೆ ತಿಳಿಸಿ. ಮರಳಿದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಮೈ ನೋಡಿಕೊಂಡು ಸ್ನಾನ ಮಾಡಿ. ಕಾಡಿನಿಂದ ಬಂದವರಿಗೆ ಜ್ವರ ಬಂದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಕೊಳವೆಯನ್ನು ಮೊದಲೇ ಸರಿಯಾಗಿ ಹಾಕಿದರೆ ಬೇಸಗೆಯಲ್ಲಿ ಕಾಡು ಹೊಕ್ಕುವ ದಿನಗಳು ಕಡಿಮೆಯಾಗುತ್ತವೆ ಎಂಬುದೂ ಒಂದು ಲಾಭವೇ.

ಒಟ್ಟಿನಲ್ಲಿ ನೆನಪಿಡಬೇಕಾದದ್ದು ಇಷ್ಟು: ಬೇಸಗೆಯ ಹರಿವು, ಇಳಿತ, ಉದ್ದ, ಅಗತ್ಯ ಈ ನಾಲ್ಕನ್ನು ಅಳೆಯಿರಿ, ರಾತ್ರಿಯ ನೀರಿಗೆ ಟ್ಯಾಂಕು ಕಟ್ಟಿ, ಗಾತ್ರವನ್ನು ಲೆಕ್ಕದಿಂದಲೂ ಬಗೆಯನ್ನು ಜಾಗದಿಂದಲೂ ನಿರ್ಧರಿಸಿ. ಬರುವ ಮಾರ್ಚ್ ಕೊನೆಯ ಒಂದು ಬೆಳಿಗ್ಗೆ ಡಬ್ಬ, ಗಡಿಯಾರ ಹಿಡಿದು ಅಬ್ಬಿಯ ತನಕ ಹೋಗಿ ಬನ್ನಿ. ಅಂಗಡಿಯಲ್ಲಿ ಏನು ಕೇಳಬೇಕೆಂಬುದು ಆಗ ನಿಮಗೇ ಗೊತ್ತಾಗುತ್ತದೆ.